ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದರೆ ಅಂಕ ಕಡಿಮೆ ಬರುತ್ತಾ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಈ ಸಲದಿಂದ ಪರೀಕ್ಷೆಗಳೆಲ್ಲ ಕಂಪ್ಯೂಟರ್‌ನಲ್ಲೇ. ಎಷ್ಟೇ ಚೆನ್ನಾಗಿ ಓದಿದ್ದರೂ ಪರದೆ ಮುಂದೆ ಕೂತರೆ ಅಂಕ ಇಳಿಯುತ್ತಾ?

ಉತ್ತರ: ಪ್ರಶ್ನೆಗಳು ಅವೇ ಆಗಿದ್ದು, ಪೇಪರ್ ಬದಲು ಪರದೆ ಬಂದಿದ್ದರೆ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಮೊದಲ ಸಲ ಸ್ವಲ್ಪ ಇಳಿದರೂ ರೂಢಿಯಾದಂತೆ ಸರಿಹೋಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಶಾಲೆಗಳಲ್ಲಿ 2015ರಲ್ಲಿ ಆನ್‌ಲೈನ್ ಪರೀಕ್ಷೆ ಬರೆದ ಮಕ್ಕಳಿಗೆ ಪೇಪರ್ ಮೇಲೆ ಬರೆದವರಿಗಿಂತ ಕಡಿಮೆ ಅಂಕ ಬಂದಿತ್ತು. ಮರುವರ್ಷವೇ ಆ ಅಂತರ ಸಾಕಷ್ಟು ತಗ್ಗಿತು. ಅವರು ಶಾಲೆ ಮಕ್ಕಳು ನಿಜ, ಆದರೆ ರೂಢಿಯ ಮಾತು ಎಲ್ಲರಿಗೂ ಒಂದೇ ಅಲ್ವಾ?

ನಿಜವಾಗಿ ಅಂಕ ಕಳೆಯುವುದು ಬೇರೆ ಕಡೆ. ಕಂಪ್ಯೂಟರ್ ಬಂದಾಗ ಪ್ರಶ್ನೆಯ ರೀತಿಯೂ ಬದಲಾಗುತ್ತದೆ. ಒಂದು ಲೆಕ್ಕ ನೋಡಿ: 4 ಕಿಲೋಗ್ರಾಂ ತೂಕದ ವಸ್ತು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುತ್ತಿದೆ, ಅದರ ಚಲನ ಶಕ್ತಿ ಎಷ್ಟು? ಸರಿಯುತ್ತರ 50 ಜೂಲ್ (ಅರ್ಧ × 4 × 5 × 5). ಸೂತ್ರ ಸರಿಯಾಗಿ ಬರೆದು, ಬೆಲೆಗಳನ್ನೂ ಸರಿಯಾಗಿ ಹಾಕಿ, ಕೊನೆಗೆ ಅರ್ಧ ಮಾಡುವುದನ್ನು ಮರೆತರೆ 100 ಬರುತ್ತದೆ. ಪೇಪರ್ ಮೇಲಾದರೆ ಮೇಷ್ಟ್ರು ಸೂತ್ರಕ್ಕೆ, ಹಂತಗಳಿಗೆ ಅಂಕ ಕೊಡುತ್ತಾರೆ. ಉತ್ತರದ ಬಾಕ್ಸ್‌ಗೆ 100 ಅಂತ ಟೈಪ್ ಮಾಡಿದರೆ ಸೊನ್ನೆ. ರಫ್ ಶೀಟ್‌ನಲ್ಲಿ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸ್ಟೆಪ್ ಮಾರ್ಕ್ಸ್ ಇದೆಯಾ, ರಫ್ ಶೀಟ್ ವಾಪಸ್ ಪಡೆದು ನೋಡುತ್ತಾರಾ ಅಂತ ಪರೀಕ್ಷೆಗೆ ಮುಂಚೆಯೇ ವಿಭಾಗದಲ್ಲಿ ಕೇಳಿ.

ಎರಡನೆಯದು, ಉದ್ದದ ಪ್ಯಾಸೇಜ್. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಪರದೆಗಿಂತ ಪೇಪರ್ ಮೇಲೆ ಓದಿದವರಿಗೆ ತುಸು ಚೆನ್ನಾಗಿ ಅರ್ಥವಾಗಿದ್ದು ಕಂಡುಬಂತು. ಸಮಯದ ಮಿತಿ ಇದ್ದಾಗ ಈ ಅಂತರ ಜಾಸ್ತಿ. ಪರೀಕ್ಷೆಯಲ್ಲಂತೂ ಸಮಯ ಓಡುತ್ತಲೇ ಇರುತ್ತದೆ. ಹಾಗಾಗಿ ಪ್ಯಾಸೇಜ್ ಓದುವಾಗ ಮುಖ್ಯ ಅಂಶಗಳನ್ನು ರಫ್ ಶೀಟ್‌ನಲ್ಲಿ ಗುರುತು ಹಾಕಿಕೊಳ್ಳಿ. ಸುಮ್ನೆ ಸ್ಕ್ರಾಲ್ ಮಾಡುತ್ತಾ ಹೋದರೆ ತಲೆಗೆ ಇಳಿಯುವುದಿಲ್ಲ.

ಕೆಲವು ಪರೀಕ್ಷೆಗಳಲ್ಲಿ ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಬಿಡುವುದಿಲ್ಲ. ಮಾಕ್ ಟೆಸ್ಟ್ ಕೊಟ್ಟರೆ ಮೊದಲು ಅದನ್ನೇ ನೋಡಿಕೊಳ್ಳಿ.

ಇನ್ನು ಲಾಭದ ಮಾತು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ನೆನಪಿನಿಂದ ಉತ್ತರ ಬರೆದರೆ ಹೆಚ್ಚು ದಿನ ಉಳಿಯುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಟೆಸ್ಟ್ ಬರೆದವರು ಮುಂದಾದರು. ಪೇಪರ್ ತಿದ್ದುವ ಹೊರೆ ಇಲ್ಲದಿರುವುದರಿಂದ, ಕಂಪ್ಯೂಟರ್‌ನಲ್ಲಿ ಇಂಥ ಚಿಕ್ಕ ಟೆಸ್ಟ್‌ಗಳನ್ನು ವಾರವಾರವೂ ಕೊಡಬಹುದು.

ಆದರೆ ಮುಗಿದ ಮೇಲೆ ಬರೀ ಅಂಕ ತೋರಿಸಿದರೆ ಸಾಲದು. ಬಹು ಆಯ್ಕೆಯ ಪ್ರಶ್ನೆಯಲ್ಲಿ ಆರಿಸಿದ ತಪ್ಪು ಉತ್ತರವೇ ಸರಿ ಅಂತ ಮನಸ್ಸಲ್ಲಿ ಕೂತುಬಿಡಬಹುದು. ನಿಮ್ಮಲ್ಲಿ ಸರಿಯುತ್ತರ ತೋರಿಸದಿದ್ದರೆ, ತರಗತಿಯವರೆಲ್ಲ ಸೇರಿ ಮೇಷ್ಟ್ರನ್ನು ಕೇಳಿ. ಹೆಚ್ಚಿನ ಕಡೆ ಅದು ಒಂದು ಸೆಟ್ಟಿಂಗ್ ಬದಲಿಸುವಷ್ಟೇ ಕೆಲಸ.