ಬಿರುಕಿಗೆ ಸಿಮೆಂಟ್ ಮೆತ್ತುವ ಮುಂಚೆ ಒಂದು ಫೋನ್ ಮಾಡಿ

ಇಂಗ್ಲೆಂಡಿನಲ್ಲಿ ಹಳೇ ಮರದ ಚೌಕಟ್ಟಿನ ಕಟ್ಟಡಗಳ ರಿಪೇರಿ ನನ್ನ ಕಸುಬು. ಐನೂರು ವರ್ಷದ ಮನೆಯನ್ನು ಕೆಫೆ ಮಾಡ್ತೀನಿ, ಆಫೀಸು ಮಾಡ್ತೀನಿ ಅಂತ ಜನ ಬರುತ್ತಾರೆ. ಮಾಡಿ, ಸಂತೋಷ. ಎಕ್ಸೆಟರ್‌ನಲ್ಲಿ 1961ರಲ್ಲಿ ಹೊಸ ರಸ್ತೆಗೆ ಅಡ್ಡ ಬಂದ ಇಂಥ ಮನೆಯೊಂದನ್ನು ಇಡಿಯಾಗಿ ಚಕ್ರದ ಮೇಲೆ ಎಳೆದು ಬೇರೆ ಕಡೆ ನಿಲ್ಲಿಸಿದರು. ಆಮೇಲೆ ಅದರಲ್ಲಿ ಅಂಗಡಿಯೂ ನಡೆಯಿತು. ಯಾರ್ಕ್‌ನಲ್ಲಿ ವರ್ತಕರ ಸಂಘದ ಇಂಥದೇ ಮರದ ಸಭಾಭವನ, ಮರ್ಚಂಟ್ ಅಡ್ವೆಂಚರರ್ಸ್ ಹಾಲ್, ಕಟ್ಟಲು ಶುರು ಮಾಡಿದ್ದು 1357ರಲ್ಲಿ. ಅಲ್ಲಿ ಈಗಲೂ ಮದುವೆ ಆಗುತ್ತವೆ. ಜನ ಓಡಾಡಿದರೆ ಈ ಮರಕ್ಕೆ ಏನೂ ಆಗಲ್ಲ. ಅದನ್ನು ಕೊಲ್ಲುವುದು ಸಿಮೆಂಟು.

ಆಗಿನ ಬಡಗಿಗಳು ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೊಯ್ದು ಜೋಡಿಸುತ್ತಿದ್ದರು. ಒಣಗುತ್ತಾ ಮರ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಗೋಡೆಗೂ ಅದಕ್ಕೂ ನಡುವೆ ಸಂದು ಬಿಡುತ್ತದೆ. ಮಳೆ ನೀರು ಸಂದಿನೊಳಗೆ ಇಳಿದೇ ಇಳಿಯುತ್ತದೆ. ಇಳಿಯಲಿ ಬಿಡಿ. ಗೋಡೆ ಮಣ್ಣಿನದಾದರೆ, ಸುಣ್ಣದ್ದಾದರೆ ಆ ನೀರು ಗಾಳಿಗೆ ಆರಿಹೋಗುತ್ತದೆ. ಸಿಮೆಂಟೋ ಸಿಲಿಕೋನೋ ಮೆತ್ತಿದರೆ? ಮರ ಆಗಲೂ ಅಲುಗುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರಿಗೆ ಒಳಗೆ ಹೋಗಲು ದಾರಿ ಇದೆ, ಹೊರಗೆ ಬರಲು ಇಲ್ಲ. ಬುಡದ ತೊಲೆಯಲ್ಲಿ ಹೋಗಿ ಕೂರುತ್ತದೆ. ನೀರು ಬರುವುದು ತಪ್ಪಲ್ಲ, ಕೂರುವುದು ತಪ್ಪು. ಇದನ್ನು ನಾನು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿರುತ್ತೇನೆ.

ಹೋದ ವರ್ಷ ಒಬ್ಬರು ಕೆಫೆಗೆಂದು ಮನೆ ತೋರಿಸಿದರು. ಹೊರಗಿನಿಂದ ಫೋಟೋದಲ್ಲಿದ್ದ ಹಾಗೆ ಇತ್ತು. ಬುಡದ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದೆ. ಚಹಾದಲ್ಲಿ ಅದ್ದಿದ ರಸ್ಕಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು. "ಆದರೆ ವಾಟರ್‌ಪ್ರೂಫ್ ಮಾಡಿಸಿದ್ದೆವಲ್ಲ!" ಅಂದರು ಪಾಪ. ಅದಕ್ಕೇ ಹೀಗಾಗಿದ್ದು ಸ್ವಾಮಿ.

ಹಾಗಂತ ಇದನ್ನು ಓದಿ ನಾಳೆಯೇ ಸಿಮೆಂಟ್ ಕೆತ್ತಲು ಹೋಗಬೇಡಿ. ಕೆಲವೊಮ್ಮೆ ಕೆತ್ತುವಾಗಲೇ ಮರ ಜಾಸ್ತಿ ಹಾಳಾಗುತ್ತದೆ. ಪ್ರತಿ ಮನೆಯೂ ಬೇರೆ, ಒಮ್ಮೆ ನೋಡದೆ ನಾನೂ ಏನೂ ಹೇಳಲಾರೆ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವಾದರೆ ಅನುಮತಿ ಇಲ್ಲದೆ ಬದಲಾಯಿಸುವುದು ಅಪರಾಧ, ಅದೂ ನೆನಪಿರಲಿ.

ಆ ಮನೆಯಲ್ಲಿ ಕೊಳೆತಷ್ಟನ್ನೇ ಕತ್ತರಿಸಿ ಹೊಸ ಓಕ್ ಕೂಡಿಸಿದೆವು. ಗೋಡೆಗೆ ಹಳೇ ರೀತಿಯಲ್ಲೇ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದೆವು. ಸಗಣಿ ಅಂದಾಗ ಆ ಯಜಮಾನರ ಮುಖ ನೋಡಬೇಕಿತ್ತು! ಮಲೆನಾಡಿನ ತಟ್ಟಿಗೋಡೆ ಮನೆಯಲ್ಲಿ ಬೆಳೆದ ನನಗೆ ಮಾತ್ರ ಅಜ್ಜಿ ಮನೆಯ ವಾಸನೆ.

ಮೊನ್ನೆ ಚಳಿಗಾಲದಲ್ಲಿ ಅವರದೇ ಫೋನು. "ಸಂದು ಮತ್ತೆ ಬಿಟ್ಟಿದೆ, ಏನು ಹಚ್ಚಲಿ?"

"ಸುಣ್ಣ," ಅಂದೆ. "ಮುಂದಿನ ವರ್ಷವೂ ಅದನ್ನೇ."