ಬೀಪ್ ಎಂದ ವೈರು

ಜಕ್ಕೂರಿನ ಹತ್ತಿರ ನಾನು ಪಾಠ ಮಾಡುವ ಕಡೆ, ವಿಮಾನದ ವೈರಿಂಗ್ ಕಲಿಯುತ್ತಿರುವ ಹುಡುಗನೊಬ್ಬ ಮೊನ್ನೆ ಒಂದು ವೈರು ತಂದು ತೋರಿಸಿದ. ಒಂದು ತುದಿಗೆ ಪಿನ್ ಕ್ರಿಂಪ್ ಮಾಡಿದ್ದ, ಅಂದರೆ ಒತ್ತಿ ಬಿಗಿದಿದ್ದ, ಇನ್ನೊಂದರ ಹೊದಿಕೆ ಮಾತ್ರ ಸುಲಿದಿದ್ದ. ಮಲ್ಟಿಮೀಟರ್ ಹಿಡಿದ, ಬೀಪ್ ಎಂದಿತು. "ಕಂಟಿನ್ಯುಟಿ ಇದೆ ಸರ್" ಅಂದ. ವೈರು ಎಲ್ಲೂ ತುಂಡಾಗಿಲ್ಲ, ಕರೆಂಟು ಹರಿಯುತ್ತದೆ ಎಂದರ್ಥ. ಸುಲಿದ ತುದಿಯನ್ನು ಭೂತಗನ್ನಡಿಯ ಕೆಳಗಿಟ್ಟೆ. 19 ಎಳೆಗಳಲ್ಲಿ ನಾಲ್ಕು ತುಂಡಾಗಿದ್ದವು, ಐದಾರರ ಮೇಲೆ ಹೊದಿಕೆ ಸುಲಿಯುವ ಸ್ಟ್ರಿಪ್ಪರಿನ ಬಾಯಿ ಕಚ್ಚಿದ ಗೀರು. ಸ್ಟ್ರಿಪ್ಪರಿನಲ್ಲಿ ಒಂದೊಂದು ದಪ್ಪದ ವೈರಿಗೆ ಒಂದೊಂದು ತೂತು; ಒಂದಳತೆ ಸಣ್ಣ ತೂತಿನಲ್ಲಿ ಸುಲಿದಿದ್ದ, ಅಷ್ಟೇ.

ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಅದು ಹರಿಸುವ ಕರೆಂಟು ಅಷ್ಟು ಕಡಿಮೆ. 22 ಗೇಜಿನ ಈ ವೈರಿನ ಒಂದೊಂದು ಎಳೆ ಸುಮಾರು 0.16 ಮಿಲಿಮೀಟರ್ ದಪ್ಪ. ನೆಲದ ಮೇಲೆ ನಿಂತ ವಿಮಾನದಲ್ಲಿ ಆ ಗೀರು ಸುಮ್ಮನಿರುತ್ತದೆ. ಹಾರಾಟದಲ್ಲಿ ಅದುರತೊಡಗಿದಾಗ ಬಾಗುವ ಒತ್ತಡವೆಲ್ಲ ಬಂದು ಸೇರುವುದು ಗೀರಿನ ಬುಡಕ್ಕೆ, ಬಿರುಕು ಬಿಡುವುದೂ ಅಲ್ಲಿಂದಲೇ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ಇಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಒಂದು ಎಳೆ ಹೋದರೆ ಅದರ ಹೊರೆ ಉಳಿದವುಗಳ ಮೇಲೆ. ಇದ್ಯಾವುದೂ ಹೊರಗೆ ಕಾಣದಂತೆ ಪಿನ್ ಮುಚ್ಚಿರುತ್ತದೆ.

ಇಂಥ ದೋಷ ಎಷ್ಟೋ ಸಲ ಆಕಾಶದಲ್ಲಿ ಮಾತ್ರ ತಲೆ ಎತ್ತುತ್ತದೆ. ಪೈಲಟ್ ದೂರು ಬರೆಯುತ್ತಾರೆ, ಹ್ಯಾಂಗರಿನಲ್ಲಿ ನೋಡಿದರೆ ಎಲ್ಲ ಸರಿ. ಉಪಕರಣದ ಪೆಟ್ಟಿಗೆ ಬದಲಾಯಿಸುತ್ತಾರೆ. ಬಿಚ್ಚಿದ ಪೆಟ್ಟಿಗೆ 'ದೋಷ ಕಂಡುಬಂದಿಲ್ಲ' ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಅನುಮಾನ ವೈರಿನ ಕಡೆ ತಿರುಗುವುದು ಕೊನೆಗೆ. ನನಗೆ ಸಂಕಟವಾಗುವುದು ಇದಕ್ಕೇ.

ಹೊದಿಕೆಗೆ ಬಿದ್ದ ಪೆಟ್ಟು ಇನ್ನೂ ಅಪಾಯ. ಕ್ಲ್ಯಾಂಪ್ ಸಡಿಲವಿದ್ದರೆ ವೈರು ಲೋಹದ ಅಂಚಿಗೆ ಉಜ್ಜಿ ಸವೆಯುತ್ತದೆ. ಡ್ರಿಲ್ ಮಾಡಿದವರು ಗುಡಿಸದೆ ಬಿಟ್ಟ ಲೋಹದ ಚೂರು ವೈರಿನ ಕಟ್ಟಿನೊಳಗೆ ಸೇರಿ ಕೊರೆಯುತ್ತದೆ. ಆಗ ಕಿಡಿ ಹಾರುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸಾಮಾನ್ಯ ಸರ್ಕಿಟ್ ಬ್ರೇಕರ್ ಬೀಳಬೇಕಾದರೆ ಹೆಚ್ಚಿನ ಕರೆಂಟು ಹರಿದು ಅದು ಬಿಸಿಯಾಗಬೇಕು. ಅಷ್ಟು ಹೊತ್ತು ಕಿಡಿ ಇರುವುದೇ ಇಲ್ಲ. ಹಗುರವೆಂದು ಬಹಳ ವಿಮಾನಗಳಲ್ಲಿ ಬಳಸಿದ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹೊದಿಕೆಗೆ ಇನ್ನೊಂದು ಕೆಟ್ಟ ಗುಣ: ಕಿಡಿಗೆ ಸುಟ್ಟರೆ ಇಂಗಾಲವಾಗುತ್ತದೆ, ಆ ಇಂಗಾಲದಲ್ಲಿ ಕರೆಂಟು ಹರಿಯುತ್ತದೆ. ತಡೆಯಬೇಕಾದ ಹೊದಿಕೆಯೇ ಕಿಡಿಗೆ ದಾರಿ ಮಾಡಿಕೊಡುತ್ತದೆ.

1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ವಿಮಾನ ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಬಳಿ ಸಮುದ್ರಕ್ಕೆ ಬಿತ್ತು. ಒಳಗಿದ್ದ 229 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಚಾವಣಿಯ ಮೇಲಿನ ವೈರಿನಲ್ಲಿ ಹಾರಿದ ಕಿಡಿ ಪಕ್ಕದ ಶಾಖನಿರೋಧಕ ಹಾಸಿನ ತೆಳು ಪ್ಲಾಸ್ಟಿಕ್ ಪದರಕ್ಕೆ ಬೆಂಕಿ ಹಚ್ಚಿರಬೇಕೆಂದು ತನಿಖಾಧಿಕಾರಿಗಳು ಹೇಳಿದರು. ಅಮೆರಿಕದ ನಿಯಮಗಳು ವೈರಿಂಗನ್ನೇ ಒಂದು ಪ್ರತ್ಯೇಕ ವ್ಯವಸ್ಥೆಯೆಂದು ಪರಿಗಣಿಸಿದ್ದು 2007ರಲ್ಲಿ. ಬಹಳ ತಡವಾಯಿತು ಅನ್ನಿಸುತ್ತದೆ ನನಗೆ.

"ಮತ್ತೆ ಕತ್ತರಿಸಿದ್ರೆ ಗಿಡ್ಡ ಆಗಲ್ವಾ ಸರ್?" ಹುಡುಗ ಕೇಳಿದ. ಆಗುತ್ತೆ, ಅದಕ್ಕೇ ಕನೆಕ್ಟರ್ ಹತ್ತಿರ ಒಂದಿಷ್ಟು ಉದ್ದ ಹೆಚ್ಚಿಗೆ ಬಿಟ್ಟಿರುತ್ತಾರೆ ಎಂದೆ. ಎರಡೂ ತುದಿ ಕತ್ತರಿಸಿದ. ಈ ಸಲ ತೂತಿನ ಪಕ್ಕದ ಸಂಖ್ಯೆ ಓದಿ ಸುಲಿದು, ತಾನೇ ಭೂತಗನ್ನಡಿ ಎಳೆದುಕೊಂಡು ಒಂದೊಂದೇ ಎಳೆ ಎಣಿಸತೊಡಗಿದ.