ಗ್ರೌಂಡ್ ಗೆರೆಯೂ ಒಂದು ರೆಸಿಸ್ಟರ್: ಎಲ್‌ಎಂ3886 ಆಂಪ್ಲಿಫೈಯರ್‌ಗೆ ಸ್ವಂತ ಬೋರ್ಡ್

ಎಲ್‌ಎಂ3886 ಎಂಬ ಆಡಿಯೊ ಪವರ್ ಚಿಪ್ ಹಾಕಿ ಆಂಪ್ಲಿಫೈಯರ್ ಕಟ್ಟಲು ಹೊರಡುವವರೆಲ್ಲ ಮೊದಲು ಕೇಳುವುದು ಎಷ್ಟು ವಾಟ್ ಬರುತ್ತದೆ ಎಂದು. ಆ ಲೆಕ್ಕ ಚಿಪ್ ಕಂಪನಿ ಕೊಡುವ ಡೇಟಾಶೀಟಿನಲ್ಲೇ ಉಂಟು, ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಚಿಪ್ ಅದೇ, ಸರ್ಕ್ಯೂಟ್ ಅದೇ, ಆದರೂ ಒಬ್ಬರ ಸೆಟ್ ಶುದ್ಧವಾಗಿ ಹಾಡುತ್ತದೆ, ಇನ್ನೊಬ್ಬರದು ಗುಂಯ್ ಎನ್ನುತ್ತಲೇ ಇರುತ್ತದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಬೋರ್ಡಿನ ಗ್ರೌಂಡ್ ಗೆರೆಗಳು, ಅಂದರೆ ಕರೆಂಟ್ ವಾಪಸು ಹೋಗುವ ತಾಮ್ರದ ದಾರಿಗಳು. ಮಂಗಳೂರು, ಮಣಿಪಾಲ ಕಡೆ ಡಿಪ್ಲೊಮಾ, ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಬರೆದ ಟಿಪ್ಪಣಿ ಇದು.

ಪವರ್ ಲೆಕ್ಕ, ಚುಟುಕಾಗಿ

ಪ್ಲಸ್ 28, ಮೈನಸ್ 28 ವೋಲ್ಟ್ ಸಪ್ಲೈ ಕೊಟ್ಟರೆ ಚಿಪ್ ಒಳಗೆ ಸುಮಾರು 4 ವೋಲ್ಟ್ ಕಳೆದು ಸ್ಪೀಕರಿಗೆ ಸಿಗುವುದು 24 ವೋಲ್ಟಿನ ಪೀಕ್. 8 ಓಮ್ ಸ್ಪೀಕರ್ ಆದರೆ 24ರ ವರ್ಗವನ್ನು 8ರ ಎರಡು ಪಟ್ಟು, ಅಂದರೆ 16ರಿಂದ ಭಾಗಿಸಿ: 36 ವಾಟ್. ಡೇಟಾಶೀಟ್ 38 ಎನ್ನುತ್ತದೆ, ಸರಿಹೋಯಿತು. ಇದಕ್ಕೆ 20-0-20 ಟ್ರಾನ್ಸ್‌ಫಾರ್ಮರ್ ಸಾಕು, ಅಂದರೆ ನಡು ವೈರಿನಿಂದ ಎರಡೂ ಕಡೆಗೆ 20 ವೋಲ್ಟ್ ಎಸಿ ಕೊಡುವಂಥದ್ದು. 24-0-24 ಹಾಕುವ ಆಸೆ ಬೇಡ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ತನ್ನ ಮೇಲೆ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಲೈನಿನಲ್ಲಿ 250 ವೋಲ್ಟ್ ಬಂದ ರಾತ್ರಿ ಎರಡು ರೈಲಿನ (ಪ್ಲಸ್, ಮೈನಸ್ ಸಪ್ಲೈ ಗೆರೆಗಳ) ನಡುವೆ 80 ವೋಲ್ಟಿನ ಹತ್ತಿರ ಹೋಗಿ ನಿಲ್ಲಬಹುದು. ಚಿಪ್ಪಿನ ಕೆಲಸದ ಮಿತಿ 84.

ಈಗ ಗ್ರೌಂಡ್

ಸ್ಕೀಮ್ಯಾಟಿಕ್‌ನಲ್ಲಿ ಗ್ರೌಂಡ್ ಚಿಹ್ನೆ ಹತ್ತು ಕಡೆ ಇದ್ದರೂ ಅವೆಲ್ಲ ಒಂದೇ ಬಿಂದು, ಎಲ್ಲ ಕಡೆಯೂ ಸೊನ್ನೆ ವೋಲ್ಟ್. ಬೋರ್ಡಿನ ಮೇಲೆ ಹಾಗಲ್ಲ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್. ಅದರಲ್ಲಿ 1 ಮಿಲಿಮೀಟರ್ ಅಗಲದ ಗೆರೆ ಎಳೆದರೆ, ಪ್ರತಿ ಮಿಲಿಮೀಟರ್ ಉದ್ದಕ್ಕೆ ಸುಮಾರು ಅರ್ಧ ಮಿಲಿಓಮ್ ರೆಸಿಸ್ಟೆನ್ಸ್. 2 ಸೆಂಟಿಮೀಟರ್ ಗೆರೆ ಅಂದರೆ 10 ಮಿಲಿಓಮ್. ಇಷ್ಟೇ ತಾನೇ ಅನಿಸುತ್ತದೆ.

ಅದರಲ್ಲಿ ಏನು ಹರಿಯುತ್ತದೆ ನೋಡಿ. ಎಸಿಯನ್ನು ಡಿಸಿ ಮಾಡುವ ಬ್ರಿಜ್ ಡಯೋಡುಗಳಿಂದ ಸಪ್ಲೈಯ ದೊಡ್ಡ ಕೆಪಾಸಿಟರುಗಳಿಗೆ ಕರೆಂಟ್ ಒಂದೇ ಸಮನೆ ಹೋಗುವುದಿಲ್ಲ. ನಮ್ಮ ಲೈನ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 100 ಸಲ, ವೋಲ್ಟೇಜ್ ತುದಿ ಮುಟ್ಟುವ ಸ್ವಲ್ಪ ಹೊತ್ತು ಮಾತ್ರ, ಚೂಪಾದ ಪಲ್ಸ್ ಆಗಿ ನುಗ್ಗುತ್ತದೆ. ಹಾಡೇ ಇಲ್ಲದಾಗಲೂ ಸ್ಟೀರಿಯೋದ ಎರಡು ಚಿಪ್ ಸೇರಿ 100 ಮಿಲಿಆಂಪ್ ಆಸುಪಾಸು ಎಳೆಯುತ್ತವೆ. ಅದೇ ಕರೆಂಟ್ ಪಲ್ಸ್ ಆಗಿ ಬಂದಾಗ ತುದಿಯಲ್ಲಿ ಅರ್ಧ ಆಂಪ್ ಎಂದಿಟ್ಟುಕೊಳ್ಳಿ. 10 ಮಿಲಿಓಮಿನಲ್ಲಿ ಅರ್ಧ ಆಂಪ್ ಹರಿದರೆ 5 ಮಿಲಿವೋಲ್ಟ್. ಈ 2 ಸೆಂಟಿಮೀಟರಿನ ಒಂದು ತುದಿಗೆ ಇನ್‌ಪುಟ್ ಸಾಕೆಟಿನ ಗ್ರೌಂಡ್, ಇನ್ನೊಂದು ತುದಿಗೆ ಫೀಡ್‌ಬ್ಯಾಕ್ ರೆಸಿಸ್ಟರಿನ ಗ್ರೌಂಡ್ ಸೇರಿದ್ದರೆ ಚಿಪ್ಪಿನ ಮಟ್ಟಿಗೆ ಆ 5 ಮಿಲಿವೋಲ್ಟ್ ಕೂಡ ಹಾಡೇ. ಫೀಡ್‌ಬ್ಯಾಕಿಗೆ 20 ಕಿಲೋಓಮ್, 1 ಕಿಲೋಓಮ್ ರೆಸಿಸ್ಟರ್ ಹಾಕಿದ್ದರೆ ಗೇನ್ 21, ಅಂದರೆ ಸಿಗ್ನಲ್ 21 ಪಟ್ಟು ದೊಡ್ಡದಾಗುತ್ತದೆ. ಸ್ಪೀಕರಿನಲ್ಲಿ 100 ಮಿಲಿವೋಲ್ಟಿಗೂ ಮೇಲೆ ಹಮ್, ಅಂದರೆ ಆ ಗುಂಯ್ ಸದ್ದು, ಬರುತ್ತದೆ, ರಾತ್ರಿ ಹೊತ್ತು ಕೋಣೆಯ ಆಚೆ ಬದಿಗೂ ಕೇಳುವಷ್ಟು. ಚಿಪ್ ಬದಲಿಸಿದರೂ ಹೋಗದ ಹಮ್ ಇದು.

ಹಾಗಾಗಿ ಲೇಔಟ್ ಬಿಡಿಸುವಾಗ ಒಂದೊಂದು ಗ್ರೌಂಡ್ ಗೆರೆಯ ಪಕ್ಕದಲ್ಲೂ ಇದರಲ್ಲಿ ಯಾವ ಭಾಗದ ಕರೆಂಟ್ ವಾಪಸು ಹೋಗುತ್ತದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಟ್ರಾನ್ಸ್‌ಫಾರ್ಮರಿನ ನಡು ವೈರ್ ನೇರ ಎರಡು ದೊಡ್ಡ ಕೆಪಾಸಿಟರುಗಳ ನಡುವಿನ ತಾಮ್ರಕ್ಕೆ ಬರಲಿ. ಪಲ್ಸ್ ಅಲ್ಲಿಗೇ ಮುಗಿಯಬೇಕು. ಅಲ್ಲಿಂದ ಒಂದು ದಪ್ಪ, ಗಿಡ್ಡ ದಾರಿ ತೆಗೆದು ಅದರ ತುದಿಯಲ್ಲಿ ಸ್ಟಾರ್ ಬಿಂದು, ಅಂದರೆ ಗ್ರೌಂಡ್ ಗೆರೆಗಳೆಲ್ಲ ಬಂದು ಸೇರುವ ಒಂದೇ ಜಾಗ, ಮಾಡಿ. ಸ್ಪೀಕರಿನ ವಾಪಸು ವೈರ್ ಬೇರೆ, ಡಿಕಪ್ಲಿಂಗ್ ಕೆಪಾಸಿಟರುಗಳ (ಚಿಪ್ಪಿನ ಸಪ್ಲೈ ಕಾಲುಗಳ ಬಳಿ ಕೂರುವವು) ಗ್ರೌಂಡ್ ಬೇರೆ, ಇನ್‌ಪುಟ್ ಮತ್ತು ಫೀಡ್‌ಬ್ಯಾಕಿನ ಸಣ್ಣ ಗ್ರೌಂಡ್ ಬೇರೆ, ಮೂರೂ ತಮ್ಮ ತಮ್ಮ ಗೆರೆಯಲ್ಲಿ ಆ ಸ್ಟಾರಿಗೆ ಬರಲಿ. ಆದರೆ ಸ್ಟಾರನ್ನು ನಡು ವೈರ್ ಮತ್ತು ಕೆಪಾಸಿಟರಿನ ಮಧ್ಯೆ ಇಡಲೇಬೇಡಿ. ಅಲ್ಲಿಟ್ಟರೆ ಅದು ಹೆಸರಿಗೆ ಸ್ಟಾರ್, ಕೆಲಸಕ್ಕೆ ಹಮ್ಮಿನ ಮೂಲ. ಹಿಂಬದಿ ಪೂರ್ತಿ ತಾಮ್ರ ತುಂಬಿಸಿಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ತುಂಬಿಸಬಹುದು, ಆದರೆ ಚಾರ್ಜಿಂಗ್ ಪಲ್ಸ್ ಅದರ ಮೇಲೆ ಓಡಾಡದ ಹಾಗೆ ನೋಡಿಕೊಂಡವರಿಗೆ ಮಾತ್ರ ಅದು ಲಾಭ.

ಇನ್ನೆರಡು ಮಾತು. 0.1 ಮೈಕ್ರೊಫ್ಯಾರಡಿನ ಡಿಕಪ್ಲಿಂಗ್ ಕೆಪಾಸಿಟರ್ ಚಿಪ್ಪಿನ ಕಾಲಿಗೆ ಅಂಟಿಕೊಂಡ ಹಾಗೆ ಇರಬೇಕು. ದೂರ ಹೋದರೆ ಚಿಪ್ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗಿ ಸುಮ್ಮನೆ ಬಿಸಿಯಾಗುತ್ತದೆ. ಗೇನ್ 10ಕ್ಕಿಂತ ಕೆಳಗಿಳಿಸಿದರೂ ಅದೇ ಕಥೆ. ಇನ್ನು 8ನೇ ಕಾಲು ಮ್ಯೂಟ್: ಅದನ್ನು 22 ಕಿಲೋಓಮ್ ಮೂಲಕ ಮೈನಸ್ ರೈಲಿಗೆ ಕೊಡದೆ ಬಿಟ್ಟರೆ ಸದ್ದೇ ಬರುವುದಿಲ್ಲ. ಎಲ್ಲ ಸರಿ ಉಂಟು, ಹಾಡುವುದಿಲ್ಲ ಮಾರಾಯ್ರೆ ಎಂದು ಯಾರಾದರೂ ಹೇಳಿದರೆ ಮೊದಲು ಈ ಕಾಲನ್ನೇ ನೋಡಿ.

ಬೋರ್ಡ್ ಮಾಡುವುದು

ಬೋರ್ಡಿನ ಲೇಔಟ್ ಬಿಡಿಸುವ ಸಾಫ್ಟ್‌ವೇರ್ ಕೀಕ್ಯಾಡ್ ಉಚಿತ, ಇದಕ್ಕೆ ಧಾರಾಳ ಸಾಕು. ಬೋರ್ಡ್ ಮಾಡುವವರಿಗೆ ಗರ್ಬರ್ ಫೈಲ್ (ಲೇಔಟಿನ ಫೈಲ್) ಕಳಿಸುವ ಮುಂಚೆ ಲೇಔಟನ್ನು ನಿಜವಾದ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ತೆಗೆದು, ತೆಳು ಥರ್ಮಾಕೋಲಿನ ಮೇಲೆ ಅಂಟಿಸಿ, ಪಾರ್ಟುಗಳನ್ನು ಚುಚ್ಚಿ ನೋಡಿ. ಎಲ್‌ಎಂ3886ರ 11 ಕಾಲುಗಳು ಒಂದು ಮುಂದೆ ಒಂದು ಹಿಂದೆ ಎರಡು ಸಾಲಿನಲ್ಲಿರುತ್ತವೆ. ಸಾಲು ಅದಲು ಬದಲಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಚಿಪ್ ಬೋರ್ಡಿನ ಅಂಚಿನಲ್ಲೇ ಇರಬೇಕು, ಇಲ್ಲದಿದ್ದರೆ ಹೀಟ್‌ಸಿಂಕಿಗೆ ಬೆನ್ನು ತಾಗುವುದಿಲ್ಲ.

ಮನೆಯಲ್ಲೇ ಲೇಸರ್ ಪ್ರಿಂಟಿನ ಟೋನರನ್ನು ಇಸ್ತ್ರಿ ಹಾಕಿ ತಾಮ್ರಕ್ಕೆ ಅಂಟಿಸಿ ಎಚ್ ಮಾಡುವುದಾದರೆ (ಬೇಡದ ತಾಮ್ರವನ್ನು ಕರಗಿಸುವುದಾದರೆ) ಒಂದು ಬದಿಯ ಬೋರ್ಡ್ ಸಾಕು. ಫೆರಿಕ್ ಕ್ಲೋರೈಡ್‌ಗೆ ಪ್ಲಾಸ್ಟಿಕ್ ಟಬ್ಬೇ ಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದುಹಾಕುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟಿನ ಗಟ್ಟಿಗಳು ಗಾಳಿಯ ತೇವವನ್ನೇ ಹೀರಿ ತಾವಾಗಿ ನೀರಾಗುತ್ತವೆ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ನಮ್ಮದು ಮುರಕಲ್ಲಿನ ನೆಲ, ಅಂಗಳಕ್ಕೆ ಚೆಲ್ಲಿದ್ದು ಬಾವಿಗೆ ಇಳಿಯಲು ಹೆಚ್ಚು ದಿನ ಬೇಡ. ಬಾಟಲಿಯಲ್ಲಿ ಮುಚ್ಚಿಡಿ, ಮತ್ತೆ ಬಳಸಿ.

ಹೀಟ್‌ಸಿಂಕ್

ಚಿಪ್ ಅತಿ ಹೆಚ್ಚು ಬಿಸಿಯಾಗುವುದು ವಾಲ್ಯೂಮ್ ಪೂರ್ತಿ ಇಟ್ಟಾಗ ಅಲ್ಲ, ಮಧ್ಯದಲ್ಲಿ. 28 ವೋಲ್ಟ್ ರೈಲು, 8 ಓಮಿಗೆ ಲೆಕ್ಕ ಹಾಕಿದರೆ ಔಟ್‌ಪುಟ್ ಪೀಕ್ 18 ವೋಲ್ಟಿನ ಹತ್ತಿರ ಇರುವಾಗ ಸ್ಪೀಕರಿಗೆ 20 ವಾಟ್, ಚಿಪ್ಪಿನಲ್ಲಿ ಶಾಖವಾಗಿ ಇನ್ನೊಂದು 20 ವಾಟ್. ಪೂರ್ತಿ 36 ವಾಟಿನಲ್ಲಿ ಶಾಖ 18ಕ್ಕೆ ಇಳಿಯುತ್ತದೆ. ಇದು ಸೈನ್ ಅಲೆಯ ಲೆಕ್ಕ. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಬೇರೆ: ಚೆಂಡೆಯ ಪೆಟ್ಟು ಸರಾಸರಿ ಮಟ್ಟದ ನಾಲ್ಕು ಪಟ್ಟು ಎತ್ತರಕ್ಕೆ ಹಾರುತ್ತದೆ ಎಂದುಕೊಂಡರೆ, ಪೆಟ್ಟು ಕ್ಲಿಪ್ ಆಗದಂತೆ (ಅಲೆಯ ತುದಿ ಕತ್ತರಿಸಿಹೋಗದಂತೆ) ಇಟ್ಟಾಗ ಸರಾಸರಿ ಸ್ಪೀಕರಿಗೆ ಹೋಗುವುದು 4.5 ವಾಟ್ ಮಾತ್ರ. ಭಾಗವತರ ಪದ ಜೋರಾಗಿ ಕೇಳಲಿ ಎಂದು ಅದಕ್ಕಿಂತ ಏರಿಸಿದರೆ ಮೊದಲು ಒಡೆಯುವುದು ಚೆಂಡೆಯೇ.

ಕರಾವಳಿಯ ಸೆಕೆಗೆ ಪೆಟ್ಟಿಗೆಯೊಳಗೆ 45 ಡಿಗ್ರಿ ಹಿಡಿಯಿರಿ. ಒಂದು ಚಿಪ್ಪಿಗೆ, ಪ್ರತಿ ವಾಟ್ ಶಾಖಕ್ಕೆ 2 ಡಿಗ್ರಿ ಮಾತ್ರ ಏರುವ ಹೀಟ್‌ಸಿಂಕ್ ಹಾಕಿದರೆ ಒಳಗಿನ ಸಿಲಿಕಾನ್ 115 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ, ಮಿತಿ 150. ಲೋಹದ ಬೆನ್ನಿರುವ ಚಿಪ್ಪಿನಲ್ಲಿ ಆ ಬೆನ್ನು ಮೈನಸ್ ರೈಲಿಗೇ ಸೇರಿದೆ. ಹಾಗಾಗಿ ಕರೆಂಟ್ ದಾಟದಂತೆ ಮೈಕಾ ಹಾಳೆ, ಸ್ಕ್ರೂವಿಗೆ ಬುಶ್, ಶಾಖ ದಾಟಲು ಪೇಸ್ಟ್ ಹಾಕಿ ಬಿಗಿದ ಮೇಲೆ ಮೀಟರಿನಲ್ಲಿ ಹೀಟ್‌ಸಿಂಕಿಗೂ ಬೆನ್ನಿಗೂ ಸಂಪರ್ಕ ಇಲ್ಲ ಎಂದು ನೋಡಲೇಬೇಕು.

ಮೊದಲ ಸಲ ಆನ್ ಮಾಡುವಾಗ

ಲೋಹದ ಪೆಟ್ಟಿಗೆಯನ್ನು ಮೂರು ಪಿನ್ನಿನ ಅರ್ತಿಗೆ ಸೇರಿಸಿ. ಮೇನ್ಸಿಗೆ ಸೀರೀಸ್ ಆಗಿ 60 ವಾಟಿನ ಹಳೇ ತಂತಿ ಬಲ್ಬ್ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಕೆಪಾಸಿಟರ್ ತುಂಬಿತು, ಸರಿ ಉಂಟು. ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್, ಕೂಡಲೇ ಆಫ್ ಮಾಡಿ. ಸ್ಪೀಕರ್ ಜೋಡಿಸುವ ಮುಂಚೆ ಔಟ್‌ಪುಟ್ಟಿನ ಡಿಸಿ ಅಳೆಯಿರಿ, 50 ಮಿಲಿವೋಲ್ಟಿನೊಳಗೆ ಇರಬೇಕು. ಆಮೇಲೆ ಇನ್‌ಪುಟ್ ಸಾಕೆಟನ್ನು ಶಾರ್ಟ್ ಮಾಡಿ, ಬೆಲೆ ಬಾಳದ ಯಾವುದಾದರೂ ಸ್ಪೀಕರ್ ಹಾಕಿ ಕಿವಿಯಿಟ್ಟು ಕೇಳಿ. ಶಾರ್ಟ್ ಮಾಡಿದಾಗ ಹೋಗುವ ಹಮ್ ಕೇಬಲಿನದ್ದು, ಇಲ್ಲವೇ ಎರಡು ಉಪಕರಣಗಳ ಅರ್ತಿನ ಸುತ್ತಿನದ್ದು. ಶಾರ್ಟ್ ಮಾಡಿದರೂ ಉಳಿಯುವ 100 ಹರ್ಟ್ಸಿನ ಒರಟು ಗುಂಯ್ ಬೋರ್ಡಿನದ್ದೇ; ನಡು ವೈರಿನ ದಾರಿ ಮತ್ತೆ ನೋಡಿ. ಉಳಿದದ್ದು ಮೆತ್ತಗಿನ 50 ಹರ್ಟ್ಸ್ ಆದರೆ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ತುಸು ತಿರುಗಿಸಿ, ಸದ್ದು ಅತಿ ಕಡಿಮೆಯಾಗುವ ಕೋನದಲ್ಲಿ ಸ್ಕ್ರೂ ಹಾಕಿ.

ಎಲ್ಲ ಸರಿಬಂದ ಮೇಲೆ ಫ್ಲಕ್ಸ್ ತೊಳೆದು, ಒಣಗಿಸಿ, ಹಿಂಬದಿಗೆ ವಾರ್ನಿಶ್ ಹೊಡೆಯಿರಿ. ಮನೆಯಲ್ಲಿ ಎಚ್ ಮಾಡಿದ ಬರಿ ತಾಮ್ರದ ಬೋರ್ಡ್ ಸಮುದ್ರದ ಗಾಳಿಗೆ ಒಂದೇ ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ.